ತಾರಸಿಯ ಬಿಸಿಲು, ಇಚ್ಛೆಯ ಪರಿಮಾಣ

ಮನೆಗೆ ಸೋಲಾರ್ ಹಾಕಿಸಲು ಹೊರಟವರ ಬಾಯಿಂದ ಮೊದಲು ಬರುವ ಮಾತು ‘ಎಷ್ಟು ಕಿಲೋವ್ಯಾಟ್ ಹಾಕಿಸೋಣ?’ ಎಂಬುದು. ಉತ್ತರ ಕೊಡುವವರೂ ತಯಾರಾಗಿಯೇ ಇರುತ್ತಾರೆ. ಒಬ್ಬರು ಟೇಪು ಹಿಡಿದು ತಾರಸಿ ಅಳೆಯುತ್ತಾರೆ. ಕಿಲೋವ್ಯಾಟಿಗೆ ಹೆಚ್ಚುಕಡಿಮೆ ನೂರು ಚದರಡಿಯಂತೆ ಭಾಗಿಸಿ, ಹಿಡಿಸುವಷ್ಟೂ ಹಾಕಿಸಿಬಿಡಿ ಎನ್ನುತ್ತಾರೆ. ಇನ್ನೊಬ್ಬರು ಸಬ್ಸಿಡಿಯ ಪಟ್ಟಿ ಬಿಚ್ಚುತ್ತಾರೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಶುರುಮಾಡಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಗೊತ್ತುಮಾಡಿದ್ದಾರೆ. ಅಲ್ಲಿಗೆ 78,000 ಆಗಿ ಸಹಾಯಧನ ನಿಂತುಬಿಡುತ್ತದೆ. ಆದ್ದರಿಂದ ಮೂರು ಎಂಬ ಸಂಖ್ಯೆಗೆ ಈಗ ಒಂದು ಬಗೆಯ ಪಾವಿತ್ರ್ಯ ಬಂದಿದೆ. ಮೊದಲಿನವರು ತಾರಸಿಯನ್ನು ಕೇಳಿದರು, ಎರಡನೆಯವರು ಖಜಾನೆಯನ್ನು ಕೇಳಿದರು. ಆ ಮನೆಯಲ್ಲಿ ಬದುಕುವವರನ್ನು ಯಾರೂ ಕೇಳಲಿಲ್ಲ. ಎಷ್ಟು ಹಿಡಿಸುತ್ತದೆ, ಎಷ್ಟು ಸಿಗುತ್ತದೆ ಎನ್ನುವುದಕ್ಕೆ ಮುಂಚೆ ಎಷ್ಟು ಸಾಕು ಎಂದು ಕೇಳಬೇಕಿತ್ತು. ‘ಎಷ್ಟು ಸಾಕು’ ಎಂಬುದು ಎಂಜಿನಿಯರನ ಪ್ರಶ್ನೆಯೇ ಹೌದು. ಆದರೆ ಎಂಜಿನಿಯರ್ ಎಂಬ ಕಸುಬು ಹುಟ್ಟುವುದಕ್ಕೂ ಬಹಳ ಹಿಂದೆ ಅದನ್ನು ಗೃಹಸ್ಥನ ಮುಂದಿಟ್ಟು, ಸಂಖ್ಯೆಯಲ್ಲೇ ಉತ್ತರ ಹೇಳು ಎಂದ ಪರಂಪರೆಯೊಂದು ನಮ್ಮ ನೆಲದಲ್ಲಿದೆ. ಮನೆಯ ಸೋಲಾರ್ ವ್ಯವಸ್ಥೆಯನ್ನು ಯೋಜಿಸುವುದಕ್ಕೂ, ಅದು ಕೈಕೊಟ್ಟಾಗ ಕಾರಣ ಹುಡುಕುವುದಕ್ಕೂ ಆ ಪರಂಪರೆಯ ವಿಚಾರಕ್ರಮ ಇವತ್ತಿನ ಸಬ್ಸಿಡಿ ಪಟ್ಟಿಗಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ವಾದ.

ಜೈನಧರ್ಮದ ಐದು ವ್ರತಗಳಲ್ಲಿ ಕೊನೆಯದು ಅಪರಿಗ್ರಹ. ಮುನಿಗೆ ಅದು ಪೂರ್ಣ ತ್ಯಾಗ. ದಿಗಂಬರ ಮುನಿಗೆ ಮೈಮೇಲಿನ ಬಟ್ಟೆಯೂ ಪರಿಗ್ರಹವೇ. ಹೊಲಮನೆ, ದನಕರು, ಮಕ್ಕಳುಮರಿ ಇಟ್ಟುಕೊಂಡ ಶ್ರಾವಕನಿಂದ ಇಷ್ಟನ್ನು ನಿರೀಕ್ಷಿಸುವುದು ಸಾಧ್ಯವಿಲ್ಲವೆಂದು ಆಚಾರ್ಯರಿಗೆ ಗೊತ್ತಿತ್ತು. ಹಾಗೆಂದು ಅವನನ್ನು ‘ಆಸೆ ಕಡಿಮೆ ಮಾಡಿಕೋ’ ಎಂಬ ಬಾಯಿಮಾತಿನ ಉಪದೇಶಕ್ಕೆ ಬಿಟ್ಟು ಸುಮ್ಮನಾಗಲೂ ಇಲ್ಲ. ಹಳಗನ್ನಡದ ಜೈನ ಕವಿಗಳು ಕಾವ್ಯಾರಂಭದಲ್ಲಿ ಭಕ್ತಿಯಿಂದ ನೆನೆಯುವ ಸಮಂತಭದ್ರಾಚಾರ್ಯರ ಹೆಸರಿನಲ್ಲಿರುವ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥನಿಗೆ ಹೇಳುವುದು ಇಷ್ಟು: ಧನ, ಧಾನ್ಯ ಮೊದಲಾದವುಗಳಲ್ಲಿ ನಿನಗೆ ಇಷ್ಟು ಎಂದು ಮುಂಚಿತವಾಗಿ ಅಳತೆ ಗೊತ್ತುಮಾಡಿಕೋ, ಅದರಾಚೆಗಿನದರ ಮೇಲೆ ಮನಸ್ಸಿಡಬೇಡ. ಈ ವ್ರತಕ್ಕೆ ಆ ಗ್ರಂಥ ಕೊಡುವ ಇನ್ನೊಂದು ಹೆಸರು ಇಚ್ಛಾಪರಿಮಾಣ. ಹೆಸರಿನಲ್ಲೇ ಒಂದು ಜಾಣತನವಿದೆ. ಇಚ್ಛೆಯನ್ನು ಕೊಲ್ಲು ಎನ್ನುವುದಿಲ್ಲ, ಅಳೆ ಎನ್ನುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅಳತೆ ಎಷ್ಟಿರಬೇಕೆಂದು ಶಾಸ್ತ್ರ ತಾನಾಗಿ ಹೇಳುವುದಿಲ್ಲ. ನೂರು ಖಂಡುಗ ಭತ್ತವೋ ಹತ್ತು ಖಂಡುಗವೋ, ಸಂಖ್ಯೆ ವ್ರತ ಹಿಡಿಯುವವನದು. ಶಾಸ್ತ್ರ ಕೇಳುವುದು ಎರಡನ್ನೇ: ಸಂಖ್ಯೆ ಇರಬೇಕು, ಮತ್ತು ಅದು ಮೊದಲೇ ಇರಬೇಕು. ಬಿಲ್ಲು ಬಂದಮೇಲೆ ಹಣೆ ಚಚ್ಚಿಕೊಳ್ಳುವವನು ಯಾವ ವ್ರತವನ್ನೂ ಪಾಲಿಸಿದಂತಲ್ಲ.

ಇದೇ ಗ್ರಂಥ ಮುಂದೆ ಭೋಗೋಪಭೋಗ ಪರಿಮಾಣ ಎಂಬ ಇನ್ನೊಂದು ವ್ರತವನ್ನು ವಿವರಿಸುತ್ತದೆ. ಒಮ್ಮೆ ಅನುಭವಿಸಿದರೆ ಮುಗಿದುಹೋಗುವುದು ಭೋಗ, ಊಟದ ಹಾಗೆ; ಮತ್ತೆ ಮತ್ತೆ ಅನುಭವಿಸಬಹುದಾದದ್ದು ಉಪಭೋಗ, ಉಟ್ಟ ಬಟ್ಟೆಯ ಹಾಗೆ. ವಿದ್ಯುತ್ತಿನ ಲೆಕ್ಕಕ್ಕೆ ಇದಕ್ಕಿಂತ ಚೆನ್ನಾದ ವಿಂಗಡಣೆಯನ್ನು ನಾನು ಕಂಡಿಲ್ಲ. ಫ್ಯಾನು, ಫ್ರಿಜ್ಜು, ಟಿವಿ ಉಪಭೋಗ. ಅವು ತಿನ್ನುವ ಯೂನಿಟ್ಟು ಭೋಗ. ಅಂಗಡಿಯಲ್ಲಿ ನಾವು ಚೌಕಾಸಿ ಮಾಡುವುದು ಉಪಭೋಗದ ಬೆಲೆಯ ಮೇಲೆ. ಅದು ಹತ್ತು ವರ್ಷ ತಿನ್ನುವ ಭೋಗದ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಊಟ, ವಾಹನ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಎಂದು ಆ ಗ್ರಂಥ ಪಟ್ಟಿ ಮಾಡುವಾಗ ಅದರ ಧಾಟಿ ಇವತ್ತಿನ ಲೋಡ್ ಪಟ್ಟಿಗೆ ತೀರ ಹತ್ತಿರ. ಕಾಲದ ವಿಷಯದಲ್ಲೂ ಅದು ಎಚ್ಚರದ್ದು: ಬದುಕಿರುವತನಕ ಹಿಡಿದದ್ದು ಯಮ, ಕಾಲಮಿತಿ ಇಟ್ಟುಕೊಂಡದ್ದು ನಿಯಮ. ನಿಯಮವನ್ನು ಇವತ್ತಿಗೆ, ಈ ರಾತ್ರಿಗೆ, ಪಕ್ಷಕ್ಕೆ, ತಿಂಗಳಿಗೆ, ಋತುವಿಗೆ, ಅಯನಕ್ಕೆ ಎಂದು ಹಿಡಿಯಬಹುದು. ಬೇಸಗೆಯಲ್ಲೊಂದು ಅಳತೆ, ಮಳೆಗಾಲದಲ್ಲೊಂದು ಅಳತೆ ಎಂಬ ವಿವೇಕ ಇದರೊಳಗೇ ಇದೆ. ಸೂರ್ಯನನ್ನು ನಂಬಿ ಮನೆ ನಡೆಸುವವರಿಗೆ ಋತುವನ್ನು ಮರೆತ ಅಳತೆ ಅಳತೆಯೇ ಅಲ್ಲ.

ಮಾತನ್ನು ಅಂಕಿಗೆ ಇಳಿಸಿ ನೋಡೋಣ. ತೀರ್ಥಹಳ್ಳಿಯದೋ ಶಿರಸಿಯದೋ ಕಡೆಯ ಒಂದು ತೋಟದ ಮನೆ. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಲೈನು ಬರುವುದಿಲ್ಲ, ಆದ್ದರಿಂದ ಬ್ಯಾಟರಿ ಬೇಕೇಬೇಕು. ಒಂಬತ್ತು ವ್ಯಾಟಿನ ಆರು ದೀಪ ದಿನಕ್ಕೆ ಐದು ಗಂಟೆ ಉರಿದರೆ 270 ವ್ಯಾಟ್-ಅವರ್. ಎಪ್ಪತ್ತೈದು ವ್ಯಾಟಿನ ಮೂರು ಹಳೆಯ ಫ್ಯಾನು ಎಂಟು ಗಂಟೆ ತಿರುಗಿದರೆ 1800. ಫ್ರಿಜ್ಜಿಗೆ ಸುಮಾರು ಒಂದು ಯೂನಿಟ್ಟು, ಅಂದರೆ 1000. ಟಿವಿ ನಾಲ್ಕು ಗಂಟೆಗೆ 240, ಮಿಕ್ಸಿ ಇಪ್ಪತ್ತು ನಿಮಿಷಕ್ಕೆ 250, ಹಗಲಿರುಳು ಮಿಣಕುವ ವೈಫೈ ಪೆಟ್ಟಿಗೆ 240. ಒಟ್ಟು 3800, ಅಂದರೆ ದಿನಕ್ಕೆ 3.8 ಯೂನಿಟ್ಟು. ಎರಡು ದಿನ ಬಿಸಿಲಿಲ್ಲದೆ ತಳ್ಳಬೇಕೆಂದರೆ 7.6. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತ ಹೋದರೆ ಅದರ ಆಯುಷ್ಯ ಕುಗ್ಗುವುದರಿಂದ ಶೇಖರಣೆ 15.2 ಯೂನಿಟ್ಟಿನದಿರಬೇಕು. 12 ವೋಲ್ಟ್ 150 ಆಂಪಿಯರ್-ಅವರಿನ ಟ್ಯೂಬ್ಯುಲರ್ ಬ್ಯಾಟರಿಯೊಂದು ಹಿಡಿಯುವುದು 1.8, ಲೆಕ್ಕದಲ್ಲಿ ಒಂಬತ್ತು, 24 ವೋಲ್ಟಿನ ಜೋಡಣೆಗೆ ಜೋಡಿಯಾಗಬೇಕಾದ್ದರಿಂದ ಹತ್ತು ಬ್ಯಾಟರಿ ಬೇಕು. ಇನ್ವರ್ಟರಿನ ನಷ್ಟವನ್ನು ಇನ್ನೂ ಸೇರಿಸಿಲ್ಲ. ಈಗ ಒಂದೇ ಒಂದನ್ನು ಬದಲಿಸಿ: ಹಳೆಯ ಫ್ಯಾನುಗಳ ಜಾಗದಲ್ಲಿ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿಸಿ. ಫ್ಯಾನಿನ 1800 ಇದ್ದದ್ದು 672ಕ್ಕೆ ಇಳಿಯುತ್ತದೆ, ದಿನದ ಒಟ್ಟು 2.7ರ ಆಸುಪಾಸಿಗೆ ಬರುತ್ತದೆ, ಬ್ಯಾಟರಿ ಆರು ಸಾಕಾಗುತ್ತದೆ. ಗಾಳಿ ಅಷ್ಟೇ, ಸೆಖೆಗೆ ಪರಿಹಾರ ಅಷ್ಟೇ, ನಾಲ್ಕು ಬ್ಯಾಟರಿ ಮಾತ್ರ ಮಾಯ. ತಾರಸಿಯ ಅಳತೆಯಿಂದಲೋ ಸಬ್ಸಿಡಿಯಿಂದಲೋ ಹೊರಟ ಲೆಕ್ಕಕ್ಕೆ ಈ ನಾಲ್ಕು ಬ್ಯಾಟರಿ ಎಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಬೇಕುಗಳ ಪಟ್ಟಿಯಿಂದ ಹೊರಟರೆ ಮಾತ್ರ ಕಾಣುತ್ತದೆ. ಇಚ್ಛಾಪರಿಮಾಣ ವೈರಾಗ್ಯದ ಮಾತು, ಸುಖಕ್ಕೆ ಕಲ್ಲು ಹಾಕುವಂಥದ್ದು ಎಂದುಕೊಳ್ಳುವವರು ಈ ಫ್ಯಾನಿನ ಲೆಕ್ಕವನ್ನು ಒಮ್ಮೆ ತಾವೇ ಮಾಡಿ ನೋಡಬಹುದು. ಅಳೆದಾಗ ಹೋದದ್ದು ಸುಖವಲ್ಲ, ದಂಡ.

ಅಳತೆಯನ್ನು ಸರ್ಕಾರವೂ ಮಾಡುತ್ತದೆ. 2023ರಲ್ಲಿ ಕರ್ನಾಟಕದಲ್ಲಿ ಬಂದ ಉಚಿತ ವಿದ್ಯುತ್ತಿನ ಯೋಜನೆ ಗೃಹಜ್ಯೋತಿಗೆ 200 ಯೂನಿಟ್ಟಿನ ಮೇಲ್ಮಿತಿ ಇದೆ. ಅದರೊಳಗೆ ಪ್ರತಿ ಮನೆಯ ಪಾಲನ್ನು ಯೋಜನೆ ಬಂದಾಗ ಗೊತ್ತುಮಾಡಿದ್ದು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಕೂಡಿಸಿ. ಯೋಜನೆಯ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಳತೆಗೋಲನ್ನು ಗಮನಿಸಿ: ಅದು ಮನೆಯ ಅಗತ್ಯವನ್ನು ಅಳೆಯಲಿಲ್ಲ, ಮನೆಯ ಅಭ್ಯಾಸವನ್ನು ಅಳೆಯಿತು. ಹೆಚ್ಚು ಸುಟ್ಟವನಿಗೆ ಹೆಚ್ಚು, ಹಿಡಿತದಲ್ಲಿದ್ದವನಿಗೆ ಕಡಿಮೆ. ಹೊರಗಿನವರು ಹಾಕುವ ಯಾವ ಗೆರೆಗೂ ಈ ಕುಂದು ತಪ್ಪಿದ್ದಲ್ಲ, ಏಕೆಂದರೆ ಹೊರಗಿನವರಿಗೆ ಕಾಣುವುದು ಮೀಟರು ಮಾತ್ರ. ಇದಕ್ಕೆ ಎದುರಾಗಿ ಇಡಬಹುದಾದ ಕೆಲಸವೂ ನಮ್ಮಲ್ಲೇ ನಡೆದಿದೆ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಹಳ್ಳಿಯ ಬಡ ಮನೆಗಳಿಗೆ ಸೋಲಾರ್ ದೀಪ ಕೊಡುವಾಗ ಹಿಡಿದ ದಾರಿ ಎಂದರೆ, ಇಲ್ಲಿ ಯಾರು ಯಾವ ಕೆಲಸವನ್ನು ಯಾವ ಹೊತ್ತಿನಲ್ಲಿ ಮಾಡುತ್ತಾರೆ ಎಂದು ಕೇಳಿ, ಅದಕ್ಕೆ ತಕ್ಕಂತೆ ದೀಪವನ್ನೂ ಸಾಲದ ಕಂತನ್ನೂ ಹೊಂದಿಸುವುದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೂ ಕಟ್ಟುವ ಕೈಗೆ ಬೇಕಾದ ಬೆಳಕು ಬೇರೆ, ಓದುವ ಮಗುವಿಗೆ ಬೇಕಾದದ್ದು ಬೇರೆ, ಕೊಟ್ಟಿಗೆಗೆ ಬೇಕಾದದ್ದು ಬೇರೆ. ಪರಿಮಾಣ ಎಂದರೆ ಇದೇ. ಅದು ಒಳಗಿನಿಂದ ಹುಟ್ಟುವ ಸಂಖ್ಯೆ.

ಇನ್ನು ಕೆಟ್ಟಾಗಿನ ವಿಚಾರ. ಮನೆಯ ಸೋಲಾರಿನ ಬಗ್ಗೆ ಬರುವ ದೂರುಗಳಲ್ಲಿ ತೀರ ಸಾಮಾನ್ಯವಾದದ್ದು ‘ಬ್ಯಾಕಪ್ ನಿಲ್ಲುತ್ತಿಲ್ಲ’ ಎಂಬುದು. ಬೆರಳು ಮೊದಲು ಹೋಗುವುದು ಬ್ಯಾಟರಿಯ ಕಡೆಗೆ, ಆಮೇಲೆ ಪ್ಯಾನೆಲ್ಲಿನ ಕಡೆಗೆ, ಆಮೇಲೆ ಹಾಕಿಕೊಟ್ಟವನ ಕಡೆಗೆ. ‘ರತ್ನಕರಂಡಕ’ ಪರಿಗ್ರಹ ಪರಿಮಾಣ ವ್ರತ ಕೆಡುವ ಐದು ಬಗೆಗಳನ್ನು ಹೆಸರಿಸುತ್ತದೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಗಾಡಿಯ ಎತ್ತುಗಳ ಕಾಲದಲ್ಲಿ ಹುಟ್ಟಿದ ಪಟ್ಟಿ ಇದು. ಹೊರಲಾರದಷ್ಟು ಹೇರುವುದು, ನಡೆಯಲಾರದಷ್ಟು ನಡೆಸುವುದು ಅದರ ಕಣ್ಣೆದುರಿನ ಪಾಪಗಳು. ಆದರೂ ಕೊನೆಯ ಹೆಸರನ್ನು ಇನ್ವರ್ಟರ್ ತನ್ನ ಪುಟ್ಟ ಪರದೆಯ ಮೇಲೆ ದಿನವೂ ಇಂಗ್ಲಿಷಿನಲ್ಲಿ ತೋರಿಸುತ್ತಿರುತ್ತದೆ: ಓವರ್‌ಲೋಡ್. ದೀಪ ಫ್ಯಾನಿಗೆಂದು ಲೆಕ್ಕ ಹಾಕಿದ ವ್ಯವಸ್ಥೆಗೆ ಮೊದಲ ವರ್ಷ ಮಿಕ್ಸಿ ಸೇರುತ್ತದೆ, ಎರಡನೆಯ ವರ್ಷ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ, ಮೂರನೆಯ ವರ್ಷ ಯಾರೋ ನೆಂಟರು ಬಂದಾಗ ಎರಡು ಸಾವಿರದ ಗೀಸರು. ಪಟ್ಟಿ ಬರೆದ ಕಾಗದ ಅಷ್ಟರಲ್ಲಿ ಎಲ್ಲಿಯೋ ಕಳೆದಿರುತ್ತದೆ. ಅತಿಸಂಗ್ರಹದ ಕಥೆ ಇನ್ನೂ ಸ್ವಾರಸ್ಯದ್ದು. ಇರಲಿ ಎಂದು ನಾಲ್ಕು ಬ್ಯಾಟರಿ ಹೆಚ್ಚು ಇಟ್ಟು, ಪ್ಯಾನೆಲ್ ಮಾತ್ರ ಇದ್ದಷ್ಟೇ ಉಳಿಸಿದರೆ ಆ ಬ್ಯಾಟರಿಗಳು ಯಾವತ್ತೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ವಾರಗಟ್ಟಲೆ ಕೂತ ಲೆಡ್ ಆಸಿಡ್ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಮತ್ತೆ ಅದು ಕರಗುವುದಿಲ್ಲ. ಅಂದರೆ ಹೆಚ್ಚು ಕೂಡಿಟ್ಟದ್ದರಿಂದಲೇ ಕೂಡಿಟ್ಟದ್ದು ಸತ್ತಿತು. ವಿಸ್ಮಯವನ್ನು ದೋಷಗಳ ಪಟ್ಟಿಗೆ ಸೇರಿಸಿದ್ದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಬೇರೆಯವರ ಸಂಪತ್ತನ್ನು ಕಂಡು ಬೆರಗಾಗುವುದರಲ್ಲಿ ಏನು ತಪ್ಪು? ಪಕ್ಕದ ಮನೆಯ ತಾರಸಿಯ ಮೇಲೆ ಐದು ಕಿಲೋವ್ಯಾಟ್ ಹೊಳೆಯುವುದನ್ನು ಕಂಡು ತಮ್ಮ ಎರಡು ಕಿಲೋವ್ಯಾಟ್ ‘ಸಾಲದು’ ಎಂದು ತೀರ್ಮಾನಿಸುವವರ ಮನೆಯ ಮೀಟರಿನಲ್ಲಿ ಆ ಸಾಲದಿಕೆಯ ಗುರುತೇ ಇರುವುದಿಲ್ಲ. ತಪ್ಪು ಅಲ್ಲಿದೆ.

ಹಾಗಾಗಿ ದೋಷ ಹುಡುಕುವ ಕೆಲಸ ತಾರಸಿಯಲ್ಲಿ ಶುರುವಾಗಬಾರದು, ಅಡುಗೆಮನೆಯಲ್ಲಿ ಶುರುವಾಗಬೇಕು. ಮೊದಲು ಹಳೆಯ ಪಟ್ಟಿ, ಆಮೇಲೆ ಇವತ್ತಿನ ಪಟ್ಟಿ, ಇವೆರಡರ ನಡುವಿನ ವ್ಯತ್ಯಾಸ. ಅದರಲ್ಲಿ ಉತ್ತರ ಸಿಗದಿದ್ದರೆ ಬ್ಯಾಟರಿ: ಕೆಲಹೊತ್ತು ಸುಮ್ಮನಿಟ್ಟ ಮೇಲೆ 12.7 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಬಂದಿದ್ದರೆ ಅರ್ಧವಾಗಿದೆ. ಹೈಡ್ರೋಮೀಟರ್ ಹಿಡಿದು ಆರು ಕೋಶಗಳನ್ನೂ ನೋಡಿದಾಗ ಒಂದು ಮಾತ್ರ ಕೆಳಗಿದ್ದರೆ ಕಳ್ಳ ಅಲ್ಲಿದ್ದಾನೆ. ನೀರಿನ ಮಟ್ಟ, ಸಡಿಲವಾದ ತಿರುಪು, ಬಿಳಿ ಪುಡಿ ಕಟ್ಟಿದ ಟರ್ಮಿನಲ್ಲು. ಕೊನೆಗೆ ಪ್ಯಾನೆಲ್ಲು. ಇಲ್ಲಿ ಒಂದು ಮಾತು: ಎಲ್ಲ ದೋಷಕ್ಕೂ ಶಾಸ್ತ್ರದಲ್ಲಿ ಜೋಡಿ ಹುಡುಕುವ ಚಟ ನನಗಿಲ್ಲ. ಸರಣಿಯಲ್ಲಿ ಕಟ್ಟಿದ ಪ್ಯಾನೆಲ್ಲುಗಳಲ್ಲಿ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೆ ಇಡೀ ಸಾಲಿನ ಕರೆಂಟು ಕುಸಿಯಬಹುದು. ಅದಕ್ಕೆ ಬೈಪಾಸ್ ಡಯೋಡ್ ಇದೆ, ವ್ರತವಿಲ್ಲ. ಮಳೆಗಾಲದ ಬೆಳಗ್ಗೆ ಇನ್ವರ್ಟರ್ ಇನ್ಸುಲೇಷನ್ ದೋಷ ತೋರಿಸಿ ಕೂತು, ಹನ್ನೊಂದು ಗಂಟೆಗೆ ಬಿಸಿಲು ಬಂದ ಮೇಲೆ ತಾನಾಗಿ ಸರಿಹೋದರೆ ಕೇಬಲ್ಲಿನ ಸಿಪ್ಪೆಯಲ್ಲೋ ಕನೆಕ್ಟರಿನಲ್ಲೋ ನೀರು ಹೊಕ್ಕಿದೆ ಎಂದರ್ಥ. ಮಧ್ಯಾಹ್ನ ಬಂದ ಮೆಕ್ಯಾನಿಕ್ಕಿಗೆ ಏನೂ ಸಿಗುವುದಿಲ್ಲ, ಬೆಳಗ್ಗೆಯೇ ಬರಬೇಕು. ಇವು ಶುದ್ಧ ತಾಂತ್ರಿಕ ಸಂಗತಿಗಳು. ಆದರೆ ದೋಷವೆಂದು ತಿಳಿದದ್ದೆಲ್ಲ ದೋಷವೂ ಅಲ್ಲ. 540 ವ್ಯಾಟ್ ಎಂದು ಬರೆದ ಪ್ಯಾನೆಲ್ಲು ಏಪ್ರಿಲ್ ನಡುಹಗಲಿನಲ್ಲಿ 430 ಕೊಟ್ಟರೆ ಮೋಸಹೋದೆವೆಂದು ಜಗಳಕ್ಕೆ ಹೋಗುವವರಿದ್ದಾರೆ. ಆ 540 ಎಂಬ ಅಂಕಿ ಪ್ರಯೋಗಾಲಯದಲ್ಲಿ, ಕೋಶದ ಉಷ್ಣತೆ 25 ಡಿಗ್ರಿ ಇರುವಾಗ ಅಳೆದದ್ದು. ಸುಡುಬಿಸಿಲಿನಲ್ಲಿ ಕೋಶ 60 ಡಿಗ್ರಿ ದಾಟುತ್ತದೆ, ಏರಿದ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ, ಮೇಲೆ ದೂಳು. ಯಂತ್ರ ಸರಿಯಿದೆ; ನಿರೀಕ್ಷೆಯ ಅಳತೆ ತಪ್ಪಿದೆ. ಆ ತಪ್ಪು ಯಾವ ಮಲ್ಟಿಮೀಟರಿಗೂ ಸಿಗುವಂಥದ್ದಲ್ಲ. ಜೈನರ ಆಚರಣೆಯಲ್ಲಿ ಪ್ರತಿಕ್ರಮಣವೆಂಬುದಿದೆ, ಮಾಡಿದ್ದನ್ನು ಹಿಂದಿರುಗಿ ನೋಡಿ ಮೀರಿದ್ದನ್ನು ಒಪ್ಪಿಕೊಳ್ಳುವುದು. ಪ್ರತಿ ಸಂಜೆ ಎರಡು ಅಂಕಿ, ಬಂದ ಯೂನಿಟ್ಟು ಮತ್ತು ಹೋದ ಯೂನಿಟ್ಟು, ಬರೆದಿಡುವ ಪುಸ್ತಕ ಅದರ ಲೌಕಿಕ ತಮ್ಮ. ಆರು ತಿಂಗಳ ಅಂಥ ಪುಸ್ತಕವಿದ್ದರೆ ಅರ್ಧಕ್ಕರ್ಧ ದೋಷಗಳು ತಾವಾಗಿ ಹೆಸರು ಹೇಳುತ್ತವೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಸೂರ್ಯನಿಗೆ ಕೊರತೆಯೇ ಇಲ್ಲದಿರುವಾಗ ಮಿತಿ ಏಕೆ? ಕಲ್ಲಿದ್ದಲಿಗೆ ಮಿತಿ ಬೇಕು, ನೀರಿಗೆ ಬೇಕು. ಬಿಸಿಲನ್ನು ಎಷ್ಟು ಹಿಡಿದರೂ ಯಾರ ಪಾಲೂ ಕಡಿಮೆಯಾಗದು, ಆದ್ದರಿಂದ ಹಳೆಯ ಕಾಲದ ಅಭಾವದ ನೀತಿಯನ್ನು ಹೊಸ ಕಾಲದ ಸಮೃದ್ಧಿಯ ಮೇಲೆ ಹೇರುವುದು ಅರ್ಥಹೀನ ಎಂದು ಆಕ್ಷೇಪಿಸುವವರು ಹೇಳುತ್ತಾರೆ. ಮಹಾಭಾರತದ ಅರಣ್ಯಪರ್ವದಲ್ಲಿ ಇದಕ್ಕೊಂದು ಒಳ್ಳೆಯ ಪ್ರತಿಸಾಕ್ಷಿ ಇದೆ. ವನವಾಸದಲ್ಲಿ ಬ್ರಾಹ್ಮಣರಿಗೆ ಉಣಬಡಿಸಲು ಗತಿಯಿಲ್ಲದೆ ಧರ್ಮರಾಯ ಧೌಮ್ಯರ ಮಾತಿನಂತೆ ಸೂರ್ಯನನ್ನು ಸ್ತುತಿಸುತ್ತಾನೆ, ಸೂರ್ಯ ಪಾತ್ರೆ ಕೊಡುತ್ತಾನೆ. ಅಕ್ಷಯವೆಂದೇ ಅದು ಪ್ರಸಿದ್ಧ. ಆದರೆ ಅದರ ಷರತ್ತು ನೋಡಿ: ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಅದು ಬರಿದು. ದುರ್ವಾಸರು ಶಿಷ್ಯರ ಹಿಂಡಿನೊಂದಿಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ, ಮತ್ತು ಕೃಷ್ಣನೇ ಬರಬೇಕಾಯಿತು. ಕೊಟ್ಟವನು ಅಕ್ಷಯ, ಕೊಟ್ಟದ್ದು ದಿನದ ಲೆಕ್ಕದ್ದು. ಸೋಲಾರ್ ಮನೆಯಲ್ಲೂ ಹೀಗೆಯೇ. ಬಿಸಿಲು ಅಪಾರ, ಬಿಸಿಲನ್ನು ಹಿಡಿಯುವ ಪಾತ್ರೆ ಅಪಾರವಲ್ಲ. ಸಿಲಿಕಾನ್ ಬರುವುದು ಬೆಣಚುಕಲ್ಲನ್ನು ಇಂಗಾಲದೊಡನೆ ಸುಮಾರು 2000 ಡಿಗ್ರಿಯಲ್ಲಿ ಕಾಯಿಸಿ. ಅಲ್ಯುಮಿನಿಯಂ ಚೌಕಟ್ಟು, ಬೆಳ್ಳಿಯ ಗೆರೆಗಳು, ತಾಮ್ರ, ಸೀಸ ಅಥವಾ ಲಿಥಿಯಂ, ಇವೆಲ್ಲ ಯಾರದೋ ನೆಲವನ್ನು ಅಗೆದು ಬಂದವು. ದಕ್ಷತೆ ಹೆಚ್ಚಿದರೆ ಬಳಕೆ ತಾನಾಗಿ ಇಳಿಯುತ್ತದೆಂಬ ನಂಬಿಕೆಯನ್ನು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಪ್ರಶ್ನಿಸಿದ್ದ: ವ್ಯಾಟನ ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡಿದ್ದರಿಂದಲೇ ಇಂಗ್ಲೆಂಡು ಇನ್ನಷ್ಟು ಕಲ್ಲಿದ್ದಲು ಸುಟ್ಟಿತು. ಕರೆಂಟು ಪುಕ್ಕಟೆಯೆಂದು ಎರಡನೆಯ ಏಸಿ ಕೊಂಡ ಮನೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಆಕ್ಷೇಪದ ಇನ್ನೊಂದು ಮುಖ ನೆಟ್ ಮೀಟರಿಂಗ್. ಹಗಲು ಹೆಚ್ಚಾದದ್ದನ್ನು ಲೈನಿಗೆ ಕೊಟ್ಟು ರಾತ್ರಿ ವಾಪಸು ತೆಗೆದುಕೊಳ್ಳುತ್ತೇವೆ, ಬ್ಯಾಟರಿಯ ತಲೆನೋವೇ ಇಲ್ಲ, ಮಿತಿಯೂ ಇಲ್ಲ ಎಂಬ ಸಮಾಧಾನ. ಬಿಲ್ಲಿನ ಮೇಲೆ ಅದು ನಿಜ. ಆದರೆ ಮಧ್ಯಾಹ್ನದ ಯೂನಿಟ್ಟು ರಾತ್ರಿಯ ಯೂನಿಟ್ಟಲ್ಲ. ಮೀಟರು ಎರಡನ್ನೂ ಒಂದೇ ಅಂಕಿಯಲ್ಲಿ ಬರೆಯುತ್ತದೆ, ಅಷ್ಟೇ. ಕೊಟ್ಟ ಕರೆಂಟು ಆ ಕ್ಷಣದಲ್ಲೇ ಯಾರದೋ ಮೋಟಾರಿನಲ್ಲಿ ಮುಗಿದಿರುತ್ತದೆ; ಸಂಜೆ ಏಳಕ್ಕೆ ನಮಗೆ ಬರುವುದು ಶರಾವತಿಯ ನೀರು, ಅಥವಾ 1720 ಮೆಗಾವ್ಯಾಟಿನ ರಾಯಚೂರು ಸ್ಥಾವರದ ಕಲ್ಲಿದ್ದಲು. ಆ ಮಧ್ಯಾಹ್ನವನ್ನು ಸಂಜೆಗೆ ಸಾಗಿಸುವ ದೊಡ್ಡ ಪಾತ್ರೆಯೊಂದನ್ನು ಕಟ್ಟುವ ಯೋಚನೆಯಿಂದಲೇ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದದ್ದು. ಸಿಂಗಳೀಕಗಳ ಅಭಯಾರಣ್ಯದ ನಡುವೆ ಸುರಂಗ ಕೊರೆಯುವ ಮಾತು ಬಂದೊಡನೆ ವಿರೋಧವೂ ಎದ್ದಿತು. ಮನೆಯ ಮೂಲೆಯ ಬ್ಯಾಟರಿ ತಪ್ಪಿಸಿದೆವೆಂದು ಹಿಗ್ಗುವಾಗ ಆ ಬ್ಯಾಟರಿ ಪಶ್ಚಿಮಘಟ್ಟಕ್ಕೆ ಸ್ಥಳಾಂತರಗೊಂಡಿದೆ ಎಂಬುದು ನೆನಪಿರಬೇಕು. ನೆಟ್ ಮೀಟರಿಂಗ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಂಪು, ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ ಇವನ್ನೆಲ್ಲ ಹಗಲಿಗೆ ತಳ್ಳಿದ ಮನೆಗೂ ಎಲ್ಲವನ್ನೂ ರಾತ್ರಿಗೆ ಇಟ್ಟುಕೊಂಡ ಮನೆಗೂ ಅದು ವ್ಯತ್ಯಾಸ ಕಾಣದು, ನೀತಿ ಕಾಣಬೇಕು. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವ ಜೈನ ಮನೆಗಳ ಪದ್ಧತಿ ಹುಟ್ಟಿದ್ದು ಕತ್ತಲಲ್ಲಿ ಹುಳಹುಪ್ಪಟೆಗಳಿಗೆ ಹಿಂಸೆಯಾಗದಿರಲೆಂದು. ಅಡುಗೆಯ ಲೋಡನ್ನು ಅದು ಹಗಲಿಗೆ ತಂದದ್ದು ಕಾಕತಾಳೀಯ, ಆದರೂ ಪ್ರಯೋಜನಕ್ಕೆ ಬಾರದ ಕಾಕತಾಳೀಯವೇನಲ್ಲ.

ಬ್ಯಾಟರಿಯಿಲ್ಲದ ಈ ವ್ಯವಸ್ಥೆ ಇಟ್ಟುಕೊಂಡವರ ಇನ್ನೊಂದು ಸಿಟ್ಟು ಇಲ್ಲಿಯೇ ಹೇಳಬೇಕಾದದ್ದು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ಲೈನಿನ ಕರೆಂಟು ಹೋದೊಡನೆ ಸೋಲಾರೂ ಹೋಗುತ್ತದೆ, ಇದೆಂಥ ವ್ಯವಸ್ಥೆ? ದೋಷವೆಂದು ದೂರು ಕೊಡುವವರೂ ಉಂಟು. ಇನ್ವರ್ಟರ್ ತಾನಾಗಿ ಬಾಯಿ ಮುಚ್ಚಿಕೊಳ್ಳುವಂತೆ ಅದನ್ನು ಕಟ್ಟಿರುವುದಕ್ಕೆ ಕಾರಣವಿದೆ. ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಮೈಮೇಲೆ ನಮ್ಮ ತಾರಸಿಯ ಕರೆಂಟು ಹಿಂದಿರುಗಿ ಹರಿಯಬಾರದು. ತನ್ನ ಬಳಿ ಇದ್ದರೂ, ತನ್ನದೇ ಆದರೂ, ಕಾಣದ ಇನ್ನೊಬ್ಬನ ಪ್ರಾಣಕ್ಕಾಗಿ ಕೊಡದೆ ತಡೆಹಿಡಿಯುವ ಈ ಯಂತ್ರದ ನಡತೆಗೆ ಅಹಿಂಸೆ ಎಂಬ ಮಾತು ಬಳಸಿದರೆ ಅತಿಯಾಗುತ್ತದೆಯೇ? ಯಂತ್ರಕ್ಕೆ ಭಾವವಿಲ್ಲ, ಸರಿ. ಹಾಗೆ ಕಟ್ಟಲೇಬೇಕೆಂದು ನಿಯಮ ಮಾಡಿದವರಿಗೆ ಇತ್ತು. ಮಿತಿ ಎಂಬುದು ಬರೀ ಸ್ವಂತ ಮನಸ್ಸಿನ ಶುದ್ಧಿಯ ವಿಷಯವಲ್ಲ, ಕಂಬದ ಮೇಲಿರುವವನ ವಿಷಯವೂ ಹೌದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಎರಡನೆಯ ಆಕ್ಷೇಪ ಬಡವರ ಪರವಾಗಿ ಬರುತ್ತದೆ. ತಲೆಮಾರುಗಳಿಂದ ಒಂದೇ ದೀಪದಲ್ಲಿ ಬದುಕಿದ ಮನೆಗಳಿವೆ. ಭಾಗ್ಯಜ್ಯೋತಿ ಯೋಜನೆಯಲ್ಲಿ ಸರ್ಕಾರ ಅವರಿಗೆ ಕೊಟ್ಟದ್ದೂ ಒಂದೇ ದೀಪ. ಅಂಥವರ ಮುಂದೆ ಪರಿಮಿತಿಯ ಮಹಿಮೆ ಹಾಡುವುದು ಉಂಡವರ ಉಪದೇಶವಲ್ಲವೇ? ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಇಚ್ಛಾಪರಿಮಾಣಕ್ಕೆ ತಗಲುವುದಿಲ್ಲ. ಹೊರಗಿನಿಂದ ಬಂದ ‘ಒಂದು ದೀಪ’ ಯಾರ ಇಚ್ಛೆಯ ಪರಿಮಾಣವೂ ಅಲ್ಲ. ಅದು ಕೊಡುವವನ ಪರಿಮಾಣ. ಒಂದು ದೀಪದ ಮನೆಯವರು ಕೂತು ತಮಗೆ ನಾಲ್ಕು ದೀಪ, ಎರಡು ಫ್ಯಾನು, ಹೊಲಿಗೆಯಂತ್ರಕ್ಕೊಂದು ಮೋಟಾರು ಬೇಕು ಎಂದು ಬರೆದರೆ ಆ ಪಟ್ಟಿಯೂ ಪರಿಮಾಣವೇ, ಮತ್ತು ಅದು ಅವರ ಈಗಿನ ಬಳಕೆಗಿಂತ ಎಷ್ಟೋ ಪಟ್ಟು ದೊಡ್ಡದು. ಅಳೆಯುವುದೆಂದರೆ ಇಳಿಸುವುದೇ ಆಗಬೇಕಿಲ್ಲ. ಅಭ್ಯಾಸದ ಸರಾಸರಿ ನೋಡಿ ಪಾಲು ಹಂಚುವ ಸರ್ಕಾರಿ ಸೂತ್ರಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಇನ್ನಷ್ಟು ಸ್ಪಷ್ಟ: ಒಂದು ಬಡತನವನ್ನು ಬಡತನವಾಗಿಯೇ ನಕಲು ಮಾಡುತ್ತದೆ, ಇನ್ನೊಂದು ‘ನಿನಗೆಷ್ಟು ಬೇಕು’ ಎಂದು ಕೇಳುವ ಮರ್ಯಾದೆಯನ್ನಾದರೂ ತೋರಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣ, ಮತ್ತು ಅದು ಧರ್ಮದ ಕಡೆಯಿಂದಲೇ ಬರುತ್ತದೆ. ವ್ರತ ಆತ್ಮದ ಕರ್ಮಕ್ಷಯಕ್ಕಾಗಿ ಇರುವಂಥದ್ದು. ಅದನ್ನು ತಂದು ಯೂನಿಟ್ಟು ಉಳಿಸುವ ಉಪಾಯಕ್ಕೆ ಜೋಡಿಸುವುದು ವ್ರತವನ್ನು ಅಗ್ಗಗೊಳಿಸಿದಂತೆ. ಅಲ್ಲದೆ, ಬ್ಯಾಟರಿ ಖಾಲಿಯಾಗುತ್ತದೆಂಬ ಭಯದಿಂದ ಫ್ಯಾನು ಆರಿಸಿದವನು ವ್ರತಿಯಲ್ಲ, ಲೆಕ್ಕಿಗ. ‘ತತ್ತ್ವಾರ್ಥಸೂತ್ರ’ ಪರಿಗ್ರಹವನ್ನು ಗುರುತಿಸುವುದು ವಸ್ತುವಿನಲ್ಲಲ್ಲ, ಅದರ ಮೇಲಿನ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ. ಆ ದೃಷ್ಟಿಯಿಂದ ಎರಡು ಕಿಲೋವ್ಯಾಟಿನವನು ಐದು ಕಿಲೋವ್ಯಾಟಿಗೆ ಹಾತೊರೆಯುತ್ತ ಕೂತಿದ್ದರೆ ಅವನೂ ಪರಿಗ್ರಹಿಯೇ. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ, ಮತ್ತು ಇರಬೇಕಾಗಿಯೂ ಇಲ್ಲವೆನಿಸುತ್ತದೆ. ಸೋಲಾರ್ ಹಾಕಿಸಿದ್ದರಿಂದ ಯಾರಿಗೂ ಮೋಕ್ಷ ಹತ್ತಿರವಾಗುವುದಿಲ್ಲ. ಕೃತಕ ವಿದ್ಯುತ್ತು ಸಜೀವ ಅಗ್ನಿಯೋ ಅಲ್ಲವೋ ಎಂದು ಜೈನ ಮುನಿಗಳಲ್ಲೇ ಚರ್ಚೆ ನಡೆದಿರುವಾಗ ಸ್ವಿಚ್ಚು ಒತ್ತುವುದೇ ಸಂಶಯದ ಕೆಲಸ. ಆದರೆ ಗೃಹಸ್ಥನ ವ್ರತಕ್ಕಿರುವ ಅಣುವ್ರತವೆಂಬ ಹೆಸರಿನಲ್ಲೇ ಒಂದು ಒಪ್ಪಂದವಿದೆ: ಪೂರ್ಣವಾದದ್ದು ಆಗದವನಿಗೆ ಅಣುವಿನಷ್ಟಾದರೂ ಇರಲಿ. ‘ರತ್ನಕರಂಡಕ’ ಅನರ್ಥದಂಡವೆಂದು ಹೆಸರಿಟ್ಟು ನಿಷೇಧಿಸುವ ಸಂಗತಿಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು ಅದರಲ್ಲಿ ಬರುತ್ತವೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನನ್ನು ನೋಡಿಯೇ ಬರೆದಂತಿದೆ. ಭಯದಿಂದ ಆರಿಸಿದವನೂ ಆರಿಸಿದ್ದಾನೆ. ಅಭ್ಯಾಸವಾದ ಮೇಲೆ ಭಯ ಉಳಿಯುತ್ತದೆಯೋ ಇಲ್ಲವೋ ಅವನಿಗೆ ಬಿಟ್ಟದ್ದು.

ವ್ರತಕ್ಕೂ ತಾರಸಿಯ ಲೆಕ್ಕಕ್ಕೂ ಉಳಿದುಬಿಡುವ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಶ್ರಾವಕನು ಒಮ್ಮೆ ಹಾಕಿಕೊಂಡ ಅಳತೆಯನ್ನು ಇಳಿಸಬಹುದು, ಏರಿಸಿದರೆ ವ್ರತಭಂಗ. ಸೋಲಾರಿಗೆ ಅಂಥ ಬಾಗಿಲಿಲ್ಲ. ಹಣವಿದ್ದರೆ ನಾಳೆಯೇ ಇನ್ನೆರಡು ಪ್ಯಾನೆಲ್ಲು ಏರಿಸಬಹುದು. ಆದರೂ ಈ ಯಂತ್ರದಲ್ಲಿ ತಾನಾಗಿ ಬರುವ ಒಂದು ತಡೆ ಇದೆ. ಪ್ಯಾನೆಲ್ಲಿಗೆ 25 ವರ್ಷದ ವಾರಂಟಿ ಇರಬಹುದು, ಲೆಡ್ ಆಸಿಡ್ ಬ್ಯಾಟರಿಗೆ ಐದಾರು ವರ್ಷವೇ ಹೆಚ್ಚು. ಅಂದರೆ ಪ್ಯಾನೆಲ್ಲಿನ ಒಂದು ಆಯುಷ್ಯದಲ್ಲಿ ನಾಲ್ಕು ಸಲವಾದರೂ ಮನೆಯವರು ಹಳೆಯ ಬ್ಯಾಟರಿಗಳನ್ನು ಆಟೋದಲ್ಲಿ ಹೇರಿಕೊಂಡು ಅಂಗಡಿಗೆ ಹೋಗಲೇಬೇಕು. ಅಲ್ಲಿ ಹಳೆಯ ಸೀಸವನ್ನು ತೂಗಿ, ಕಳೆಯಬೇಕಾದ ಬೆಲೆಯನ್ನು ಚೀಟಿಯಲ್ಲಿ ಗೀಚಿಕೊಂಡು, ಅಂಗಡಿಯವನು ತಲೆ ಎತ್ತದೆಯೇ ಕೇಳುತ್ತಾನೆ: ‘ಅದೇ ಸೈಜೇ ಕೊಡ್ಲಾ, ದೊಡ್ಡದು ಹಾಕ್ಲಾ?’